ಅಮೆರಿಕದ ಆರಂಭಕಾಲದ ಬೆಳ್ಳಿ ನಾಣ್ಯಗಳ ದರ್ಜೆಯನ್ನು ನಿರ್ಣಯಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಸಂಗ್ರಾಹಕರು ಮತ್ತು ಇಲ್ಲಿಂದಲೇ ಹರಾಜುಗಳ ಚಿತ್ರಗಳನ್ನು ನೋಡಿ ಕಲಿಯುತ್ತಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ನಾಣ್ಯ ಸಂಗ್ರಹದ ಸಾಮಾನ್ಯ ಪರಿಚಯ ಇರುವವರನ್ನು ಗಮನದಲ್ಲಿಟ್ಟುಕೊಂಡು ಬರೆದದ್ದಾದರೂ, ಹೊಸಬರೂ ಓದಿಕೊಳ್ಳಬಹುದು.

‘ಆರಂಭಕಾಲದ ಬೆಳ್ಳಿ ನಾಣ್ಯ’ ಎಂದರೆ ನಿಖರವಾಗಿ ಯಾವುವು?

1792ರ ಏಪ್ರಿಲ್ 2ರ ಕಾಯ್ದೆಯಿಂದ ಅಮೆರಿಕದ ಟಂಕಸಾಲೆ ಫಿಲಡೆಲ್ಫಿಯಾದಲ್ಲಿ ಸ್ಥಾಪನೆಯಾಯಿತು. ಅಲ್ಲಿಂದ ಬೆಳ್ಳಿಯ ಡಾಲರ್ ಮತ್ತು ಅರ್ಧ ಡಾಲರ್‌ಗಳು 1794ರಲ್ಲಿ ಹೊರಬಂದವು. ಹತ್ತು ಸೆಂಟಿನ ಡೈಮ್ ಮತ್ತು ಕಾಲು ಡಾಲರ್‌ಗಳು 1796ರಲ್ಲಿ ಬಂದವು. ಅತಿ ಚಿಕ್ಕದಾದ ಅರ್ಧ ಡೈಮ್ ಸೇರಿ ಬೆಳ್ಳಿಯಲ್ಲಿ ಒಟ್ಟು ಐದು ಮೌಲ್ಯಗಳು. ಮೊದಲ ವಿನ್ಯಾಸ ರಾಬರ್ಟ್ ಸ್ಕಾಟ್ ಕೆತ್ತಿದ, ಕೂದಲು ಹರಡಿಕೊಂಡ ಸ್ವಾತಂತ್ರ್ಯದೇವತೆ ಲಿಬರ್ಟಿಯ ‘ಫ್ಲೋಯಿಂಗ್ ಹೇರ್’. ಅದರ ನಂತರ ಭುಜದ ಮೇಲೆ ವಸ್ತ್ರ ಹೊದ್ದ ‘ಡ್ರೇಪ್ಡ್ ಬಸ್ಟ್’ ಬಂತು. 1807ರಿಂದ ಜಾನ್ ರೈಶ್ ರೂಪಿಸಿದ, ಟೋಪಿ ತೊಟ್ಟ ‘ಕ್ಯಾಪ್ಡ್ ಬಸ್ಟ್’. ಹಬೆ ಯಂತ್ರ 1836ರಲ್ಲಿ ಬರುವವರೆಗೆ ಇವೆಲ್ಲವೂ ಮನುಷ್ಯರ ತೋಳ್ಬಲದಿಂದ ತಿರುಗುತ್ತಿದ್ದ ತಿರುಪು ಯಂತ್ರದಲ್ಲೇ ಅಚ್ಚಾದವು. ದರ್ಜೆಯ ಬಗೆಗಿನ ಮುಕ್ಕಾಲುಪಾಲು ಗೊಂದಲ ಹುಟ್ಟುವುದು ಆ ಯಂತ್ರದಿಂದಲೇ.

ದರ್ಜೆ ಎಂಬುದು ನಿಜವಾಗಿ ಯಾವುದನ್ನು ಅಳೆಯುತ್ತದೆ?

ನಾಣ್ಯವೊಂದರ ಮೈಮೇಲೆ ಕಾಣುವ ಪ್ರತಿಯೊಂದು ಕೊರತೆಯೂ ಎರಡರಲ್ಲಿ ಒಂದು ಕಡೆ ಹುಟ್ಟಿರುತ್ತದೆ: ಟಂಕಸಾಲೆಯ ಬಾಗಿಲಿನ ಒಳಗೆ, ಇಲ್ಲವೇ ಅದರ ಹೊರಗೆ. ಅಚ್ಚು ಸರಿಯಾಗಿ ಬೀಳದಿದ್ದುದು, ಇನ್ನೂ ಅಚ್ಚು ಒತ್ತದ ಬೆಳ್ಳಿಯ ಬಿಲ್ಲೆಯ ಮೇಲೆ ಅರ ಹಾಕಿದ್ದು, ಅಚ್ಚು ಬಿರುಕು ಬಿಟ್ಟದ್ದು ಒಳಗಿನ ಸಂಗತಿಗಳು. ಕೈಯಿಂದ ಕೈಗೆ ಹೋಗಿ ಸವೆದದ್ದು, ಗೀರು ಬಿದ್ದದ್ದು, ಯಾರೋ ಉಜ್ಜಿ ತೊಳೆದದ್ದು ಹೊರಗಿನವು. ದರ್ಜೆಯ ಸಂಖ್ಯೆ ಮುಖ್ಯವಾಗಿ ಹೊರಗಿನ ಬದುಕನ್ನು ಅಳೆಯುತ್ತದೆ. ಒಳಗಿನ ಕೊರತೆ ಬೆಲೆಯ ಮೇಲೆ, ಅಂದದ ಮೇಲೆ, ಉನ್ನತ ದರ್ಜೆಗಳಲ್ಲಿ ಸ್ವಲ್ಪಮಟ್ಟಿಗೆ ಸಂಖ್ಯೆಯ ಮೇಲೂ ಪರಿಣಾಮ ಬೀರುತ್ತದೆ. ಆದರೆ ಅದು ಸವೆತವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಮೋರ್ಗನ್ ಡಾಲರ್‌ಗಳನ್ನು ನೋಡಿ ಕಣ್ಣು ಪಳಗಿಸಿಕೊಂಡವರು 1795ರ ಡಾಲರನ್ನು ಕೈಗೆತ್ತಿಕೊಂಡಾಗ ತಪ್ಪುವುದು ಇಲ್ಲಿಯೇ. ಯಂತ್ರದಿಂದ ಒಂದೇ ಸಮನೆ ಅಚ್ಚಾದ ನಾಣ್ಯಕ್ಕೆ ಹಾಕುವ ಅಳತೆಗೋಲನ್ನು, ಒಂದರಂತೆ ಇನ್ನೊಂದಿಲ್ಲದ ಕೈಗೆಲಸದ ನಾಣ್ಯಕ್ಕೆ ಹಾಕಿದರೆ ತೀರ್ಪು ತಪ್ಪಾಗುವುದು ಖಂಡಿತ.

1ರಿಂದ 70ರವರೆಗಿನ ಈ ಮಾಪನ ಎಲ್ಲಿಂದ ಬಂತು?

ವಿಲಿಯಂ ಶೆಲ್ಡನ್ ಎಂಬುವರು 1949ರಲ್ಲಿ ತಾಮ್ರದ ದೊಡ್ಡ ಸೆಂಟ್ ನಾಣ್ಯಗಳಿಗಾಗಿ ಇದನ್ನು ಸೂಚಿಸಿದರು. ಮುಂದೆ 1970ರ ದಶಕದಲ್ಲಿ ಎಲ್ಲ ಅಮೆರಿಕನ್ ನಾಣ್ಯಗಳಿಗೂ ಅದನ್ನು ಹೊಂದಿಸಿಕೊಳ್ಳಲಾಯಿತು. 4 ಮತ್ತು 6 ‘ಗುಡ್’, 8 ಮತ್ತು 10 ‘ವೆರಿ ಗುಡ್’, 12 ಮತ್ತು 15 ‘ಫೈನ್’, 20ರಿಂದ 35 ‘ವೆರಿ ಫೈನ್’, 40 ಮತ್ತು 45 ‘ಎಕ್ಸ್‌ಟ್ರೀಮ್ಲಿ ಫೈನ್’, 50ರಿಂದ 58 ‘ಅಬೌಟ್ ಅನ್‌ಸರ್ಕ್ಯುಲೇಟೆಡ್’, 60ರಿಂದ ಮೇಲಿನದು ‘ಮಿಂಟ್ ಸ್ಟೇಟ್’, ಎಂದರೆ ಚಲಾವಣೆಯಿಂದ ಸವೆಯದ್ದು. ‘ಗುಡ್’ ಎಂದರೆ ಒಳ್ಳೆಯದು ಎಂದು ಹೊಸಬರು ತಿಳಿಯುತ್ತಾರೆ. ನಿಜದಲ್ಲಿ ಅದು ಬಹಳ ಸವೆದು, ಹೊರರೇಖೆಯಷ್ಟೇ ಉಳಿದ ನಾಣ್ಯ. ಈ ಸಂಖ್ಯೆಗಳ ನಡುವಿನ ಅಂತರ ಸಮಾನವಲ್ಲ ಎಂಬುದನ್ನೂ ಮನಸ್ಸಿನಲ್ಲಿಡಬೇಕು: 20ಕ್ಕೂ 40ಕ್ಕೂ ನಡುವೆ ಇರುವ ಸವೆತದ ವ್ಯತ್ಯಾಸ ಬರಿಗಣ್ಣಿಗೆ ಕಾಣುತ್ತದೆ, 62ಕ್ಕೂ 63ಕ್ಕೂ ನಡುವಿನದು ಪಳಗಿದವರಲ್ಲೂ ವಾದಕ್ಕೆ ಎಡೆಮಾಡುತ್ತದೆ.

ಒಂದು ಕ್ಯಾಪ್ಡ್ ಬಸ್ಟ್ ಅರ್ಧ ಡಾಲರ್ ಕೈಯಲ್ಲಿದೆ ಎಂದುಕೊಳ್ಳಿ. ಮೊದಲು ಎಲ್ಲಿ ನೋಡಬೇಕು?

ನನ್ನ ಬಳಿ ಇರುವ 1827ರ ಒಂದನ್ನು ಇಟ್ಟುಕೊಂಡೇ ಹೇಳುತ್ತೇನೆ. ಲಿಬರ್ಟಿ ಎಡಕ್ಕೆ ಮುಖ ಮಾಡಿದ್ದಾಳೆ. ಟೋಪಿಯ ಪಟ್ಟಿಯ ಮೇಲೆ ಅವಳ ಹೆಸರು ಬರೆದಿದೆ. ಎಡಕ್ಕೆ ಏಳು, ಬಲಕ್ಕೆ ಆರು ನಕ್ಷತ್ರಗಳಿವೆ. ನಾನು ಮೊದಲು ನೋಡುವುದು ಭುಜದ ಮೇಲೆ ಉಡುಪನ್ನು ಹಿಡಿದಿರುವ ಕೊಂಡಿಯನ್ನು ಮತ್ತು ಅದರ ಮೇಲೆ ಇಳಿಬಿದ್ದಿರುವ ಗುಂಗುರು ಕೂದಲನ್ನು. ‘ಫೈನ್’ ದರ್ಜೆಯಲ್ಲಿ ಕೊಂಡಿಯ ಮತ್ತು ಪಕ್ಕದ ಗುಂಗುರಿನ ಹೊರರೇಖೆ ಸ್ಪಷ್ಟವಾಗಿ ಕಾಣಿಸುತ್ತದೆ, ಆದರೆ ಒಳವಿವರ ಸ್ವಲ್ಪವೇ ಉಳಿದಿರುತ್ತದೆ. ‘ವೆರಿ ಫೈನ್’ನಲ್ಲಿ ಕೊಂಡಿ ಸ್ಪಷ್ಟ, ಗುಂಗುರಿನ ಅತಿ ಎತ್ತರದ ಜಾಗದಲ್ಲಿ ಮಾತ್ರ ಸವೆತ, ಹುಬ್ಬಿನ ಮೇಲಿನ ಕೂದಲು ಬಿಡಿಸಿ ಗುರುತಿಸುವಂತಿರುತ್ತದೆ. 40ಕ್ಕೆ ಬಂದರೆ ಕೊಂಡಿಯೂ ಪಕ್ಕದ ಗುಂಗುರೂ ಚೂಪಾಗಿ ನಿಲ್ಲುತ್ತವೆ. 50ರ ಮೇಲೆ ಕಣ್ಣಿನ ಮತ್ತು ಕಿವಿಯ ಮೇಲ್ಭಾಗದ ಕೂದಲಲ್ಲಿ ಮಾತ್ರ ಸವೆತದ ಸುಳಿವು ಉಳಿದಿರುತ್ತದೆ. ಕೆಳದರ್ಜೆಗಳಲ್ಲಿ ಟೋಪಿಯ ಪಟ್ಟಿಯ ಅಕ್ಷರಗಳೇ ದಾರಿ ತೋರುತ್ತವೆ: ಹೆಸರು ಮಸುಕಾಗಿಯಾದರೂ ಓದಲು ಬರುತ್ತಿದ್ದರೆ 8ರ ಆಸುಪಾಸು ಎನ್ನಬಹುದು.

ಹಿಂಭಾಗದಲ್ಲಿ ಹದ್ದಿನ ರೆಕ್ಕೆಗಳ ಅಂಚು, ಕೊರಳಿನ ಗರಿಗಳು, ಆಲಿವ್ ಕೊಂಬೆ ಮತ್ತು ಬಾಣಗಳನ್ನು ಹಿಡಿದ ಉಗುರುಗಳನ್ನು ನೋಡಬೇಕು. ನನ್ನ ನಾಣ್ಯದಲ್ಲಿ ಉಗುರುಗಳು ಒಂದೊಂದಾಗಿ ಎಣಿಸುವಷ್ಟು ಚೂಪಾಗಿವೆ, ರೆಕ್ಕೆಯ ಮೇಲಂಚು ಮಾತ್ರ ಚಪ್ಪಟೆಯಾಗಿ ಬೂದಿ ಬಣ್ಣಕ್ಕೆ ತಿರುಗಿದೆ. ಅಕ್ಷರಗಳ ನಡುವಿನ ಸಂದುಗಳಲ್ಲಿ ಮೊದಲ ಹೊಳಪು ಇನ್ನೂ ಅಡಗಿದೆ. ಇಷ್ಟನ್ನು ಒಟ್ಟಿಗೆ ನೋಡಿ ನಾನು 45 ಎನ್ನುತ್ತೇನೆ. ಆದರೆ ಅದರ ಎಡಬದಿಯ ನಕ್ಷತ್ರಗಳಲ್ಲಿ ಎರಡಕ್ಕೆ ನಡುಗೆರೆಗಳೇ ಇಲ್ಲ. ಅದನ್ನೇ ಹಿಡಿದುಕೊಂಡು ಮಿತ್ರರೊಬ್ಬರು 30 ಎಂದರು. ಅವರು ಎಡವಿದ್ದೆಲ್ಲಿ ಎಂಬುದು ಮುಂದಿನ ಪ್ರಶ್ನೆಯ ವಿಷಯ.

ಅಚ್ಚು ಸರಿಯಾಗಿ ಬೀಳದಿದ್ದುದಕ್ಕೂ ಸವೆದದ್ದಕ್ಕೂ ವ್ಯತ್ಯಾಸ ಗುರುತಿಸುವುದು ಹೇಗೆ?

ಈ ನಾಣ್ಯಗಳ ಇಡೀ ವಿದ್ಯೆಯ ತಿರುಳು ಈ ಪ್ರಶ್ನೆಯಲ್ಲಿದೆ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಎರಡು ಅಚ್ಚುಗಳ ನಡುವೆ ಬಿಲ್ಲೆಯನ್ನಿಟ್ಟು ಒತ್ತಿದಾಗ ಬೆಳ್ಳಿ ಅಚ್ಚಿನ ಗುಳಿಗಳೊಳಕ್ಕೆ ಹರಿಯಬೇಕು. ಒಂದು ಬದಿಯ ಆಳವಾದ ಗುಳಿ, ಇನ್ನೊಂದು ಬದಿಯ ಆಳವಾದ ಗುಳಿಗೆ ಬೆನ್ನಿಗೆ ಬೆನ್ನು ಹಚ್ಚಿ ಬಂದರೆ ಎರಡನ್ನೂ ತುಂಬುವಷ್ಟು ಲೋಹ ಅಲ್ಲಿ ಇರುವುದಿಲ್ಲ. ಅಮೆರಿಕನ್ ನಾಣ್ಯವನ್ನು ಮೇಲಿನಿಂದ ಕೆಳಕ್ಕೆ ಮಗುಚಿ ನೋಡಬೇಕಾದುದರಿಂದ, ಮುಂಭಾಗದ ತಳದಲ್ಲಿರುವುದರ ಬೆನ್ನಿಗೆ ಹಿಂಭಾಗದ ಮೇಲ್ತುದಿಯ ಭಾಗ ಬರುತ್ತದೆ. ಕ್ಯಾಪ್ಡ್ ಬಸ್ಟ್ ಅರ್ಧ ಡಾಲರಿನಲ್ಲಿ ಲಿಬರ್ಟಿಯ ಉಡುಪಿನ ಮಡಿಕೆ ಸಪ್ಪೆಯಾಗಿದ್ದರೆ, ಮಗುಚಿದಾಗ ಹದ್ದಿನ ಮೇಲಿರುವ ‘ಎ ಪ್ಲೂರಿಬಸ್ ಊನಂ’ ಎಂಬ ಲ್ಯಾಟಿನ್ ಧ್ಯೇಯವಾಕ್ಯದ ಪಟ್ಟಿಯ ಅಕ್ಷರಗಳೂ ಮಸುಕಾಗಿರುವುದನ್ನು ಎಷ್ಟೋ ಬಾರಿ ಕಾಣುತ್ತೇವೆ. ಇದು ಮೊದಲ ಸುಳಿವು: ಕೊರತೆ ಎರಡೂ ಮುಖಗಳಲ್ಲಿ ಒಂದೇ ತಾಣದಲ್ಲಿದ್ದರೆ ಅದು ಅಚ್ಚಿನ ದೋಷ.

ಎರಡನೆಯ ಸುಳಿವು ಮೈಯ ಗುಣ. ಸವೆದ ಜಾಗ ನುಣುಪಾಗಿ, ಮಂಕಾಗಿ, ಸುತ್ತಲಿನದಕ್ಕಿಂತ ಬೇರೆ ಬಣ್ಣದಲ್ಲಿರುತ್ತದೆ. ಅಚ್ಚು ಬೀಳದ ಜಾಗದಲ್ಲಾದರೋ ಬಿಲ್ಲೆಯ ಮೂಲ ಒರಟುತನ, ಅದಕ್ಕೆ ಮುಂಚೆಯೇ ಬಿದ್ದಿದ್ದ ಸಣ್ಣ ಚುಕ್ಕೆ ಗೀರುಗಳು ಹಾಗೇ ಉಳಿದಿರುತ್ತವೆ, ಅನೇಕ ಸಲ ಹೊಳಪೂ ಉಳಿದಿರುತ್ತದೆ. ಮೂರನೆಯದು ಹಂಚಿಕೆ. ಸವೆತ ಪಕ್ಷಪಾತ ಮಾಡುವುದಿಲ್ಲ. ಎತ್ತರದ ಜಾಗಗಳನ್ನೆಲ್ಲ ಒಂದೇ ಸಮನೆ ತಿನ್ನುತ್ತದೆ. ಕೆನ್ನೆ, ಟೋಪಿ, ಹದ್ದಿನ ರೆಕ್ಕೆ ಎಲ್ಲವೂ ಚೂಪಾಗಿದ್ದು ಎರಡು ನಕ್ಷತ್ರ ಮಾತ್ರ ಚಪ್ಪಟೆಯಾಗಿದ್ದರೆ, ಕೈಗಳು ಆ ಎರಡು ನಕ್ಷತ್ರಗಳನ್ನಷ್ಟೇ ಹುಡುಕಿಕೊಂಡು ಹೋಗಿ ಸವೆಸಿದವು ಎನ್ನಲಾಗದು. ನನ್ನ 1827ರ ನಾಣ್ಯದ ನಕ್ಷತ್ರಗಳ ಕಥೆ ಇದೇ.

ಅತ್ಯಂತ ಪ್ರಸಿದ್ಧ ಉದಾಹರಣೆ 1794ರ ಡಾಲರ್. ಆ ವರ್ಷ ಅಕ್ಟೋಬರ್‌ನಲ್ಲಿ 1,758 ನಾಣ್ಯಗಳು ಹೊರಬಂದವು. ಟಂಕಸಾಲೆಯಲ್ಲಿದ್ದ ಯಂತ್ರಕ್ಕೆ ಅಷ್ಟು ದೊಡ್ಡ ಬಿಲ್ಲೆಯನ್ನು ಒತ್ತುವ ಶಕ್ತಿ ಇರಲಿಲ್ಲ. ಸಾಲದ್ದಕ್ಕೆ ಎರಡು ಅಚ್ಚುಗಳು ಸಮಾನಾಂತರವಾಗಿ ಕೂತಿರಲಿಲ್ಲ. ಹೀಗಾಗಿ ಎಡಬದಿಯ ನಕ್ಷತ್ರಗಳೂ ಇಸವಿಯ ಎಡಭಾಗವೂ, ಮಗುಚಿದರೆ ಅದಕ್ಕೆ ಎದುರಾದ ಅಕ್ಷರಗಳೂ ದುರ್ಬಲ. ಅಲ್ಲಿ ನಕ್ಷತ್ರಗಳಿಲ್ಲವೆಂದು 1794ರ ಡಾಲರಿನ ದರ್ಜೆ ಇಳಿಸುವುದು ಅನ್ಯಾಯ. ಹಾಗೆಯೇ 1796ರ ಕಾಲು ಡಾಲರಿನಲ್ಲಿ ಹದ್ದಿನ ತಲೆ ಚಪ್ಪಟೆಯಾಗಿರುವುದು ಸಾಮಾನ್ಯ. ಉಳಿದ ಮೈಯೆಲ್ಲ ಕನ್ನಡಿಯಂತೆ ಹೊಳೆಯುತ್ತಿದ್ದರೂ ತಲೆಯಲ್ಲಿ ವಿವರವಿರುವುದಿಲ್ಲ.

ಇದರಿಂದ ಬರುವ ಒಂದು ಪಾಠವನ್ನು ಒತ್ತಿ ಹೇಳಬೇಕು. ಇಸವಿ ಮತ್ತು ವಿನ್ಯಾಸ ತಿಳಿದರೆ ಸಾಲದು, ಯಾವ ಅಚ್ಚುಗಳ ಜೋಡಿಯಿಂದ ಬಂದದ್ದು ಎಂದೂ ತಿಳಿಯಬೇಕು. ಅಂದು ಅಚ್ಚುಗಳ ಅಕ್ಷರ, ಅಂಕಿ, ನಕ್ಷತ್ರಗಳನ್ನು ಒಂದೊಂದಾಗಿ ಕೈಯಿಂದ ಬಡಿದು ಮೂಡಿಸುತ್ತಿದ್ದರು. ಆದ್ದರಿಂದ ಒಂದೊಂದು ಜೋಡಿಗೂ ಅದರದೇ ದುರ್ಬಲ ತಾಣಗಳಿವೆ. ಅರ್ಧ ಡಾಲರ್‌ಗಳಲ್ಲಿ ಸಂಗ್ರಾಹಕರು ಈ ಜೋಡಿಗಳನ್ನು, ಅವನ್ನು ಪಟ್ಟಿ ಮಾಡಿದವರ ಹೆಸರಿನ ‘ಓವರ್‌ಟನ್’ ಸಂಖ್ಯೆಗಳಿಂದ ಗುರುತಿಸುತ್ತಾರೆ. ಅದೇ ಜೋಡಿಯ ನಾಲ್ಕಾರು ನಾಣ್ಯಗಳ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಎಲ್ಲದರಲ್ಲೂ ಒಂದೇ ಜಾಗ ಸಪ್ಪೆಯಾಗಿರುವುದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ.

ನಾಣ್ಯದ ಮೇಲೆ ಸಮಾನಾಂತರ ಗೀರುಗಳಿವೆ. ಯಾರೋ ಕೆರೆದು ಹಾಳು ಮಾಡಿದ್ದಾರೆಯೇ?

ಹಾಗೆಂದು ಅವಸರದಲ್ಲಿ ತೀರ್ಮಾನಿಸಬೇಡಿ. ಡಾಲರಿನ ತೂಕ ಕಾನೂನಿನ ಪ್ರಕಾರ 416 ಗ್ರೇನ್, ಎಂದರೆ ಸುಮಾರು 26.96 ಗ್ರಾಂ ಇರಬೇಕಿತ್ತು. ಬಿಲ್ಲೆಗಳನ್ನು ಒಂದೊಂದಾಗಿ ತೂಗಿ, ಹೆಚ್ಚಾದುದನ್ನು ಅರದಿಂದ ಉಜ್ಜಿ ಇಳಿಸುತ್ತಿದ್ದರು. 1795ರಲ್ಲಿ ಸೇರಾ ವಾಲ್ಡ್ರೇಕ್ ಮತ್ತು ರೇಚಲ್ ಸಮರ್ಸ್ ಎಂಬ ಇಬ್ಬರು ಮಹಿಳೆಯರನ್ನು ಈ ಕೆಲಸಕ್ಕೆ ನೇಮಿಸಿಕೊಂಡ ದಾಖಲೆಯಿದೆ. ಅಂದು ಬೆಳ್ಳಿಯ ಬೆಲೆಯೇ ನಾಣ್ಯದ ಬೆಲೆಯಾದುದರಿಂದ ತೂಕ ಬಹು ಗಂಭೀರ ಸಂಗತಿಯಾಗಿತ್ತು, ಅಂದವಲ್ಲ. ಅರದ ಗೀರುಗಳು ಅಚ್ಚು ಬೀಳುವ ಮೊದಲು ಆದವು. ಆದ್ದರಿಂದ ಅವು ಅಚ್ಚಿನ ಒತ್ತಡಕ್ಕೆ ಸಿಕ್ಕಿ ಕೆಲವು ಕಡೆ ಅಳಿಸಿಹೋಗಿ, ಎತ್ತರದ ಭಾಗಗಳಲ್ಲಿ ಮತ್ತು ಅಂಚಿನ ಹಲ್ಲುಗಳ ಮೇಲೆ ಮಾತ್ರ ಉಳಿದಿರುತ್ತವೆ. ಅಚ್ಚಾದ ನಂತರ ಬಿದ್ದ ಗೀರು ವಿನ್ಯಾಸವನ್ನು ಕತ್ತರಿಸಿಕೊಂಡು ಹೋಗುತ್ತದೆ. ಅದರ ಎರಡು ಬದಿಗೆ ಲೋಹ ಎದ್ದು ನಿಂತಿರುತ್ತದೆ. ಭೂತಗನ್ನಡಿಯಲ್ಲಿ ಈ ವ್ಯತ್ಯಾಸವನ್ನು ಒಮ್ಮೆ ಕಂಡವರು ಮರೆಯುವುದಿಲ್ಲ.

ತೂಕ ಕಡಿಮೆಯಾದ ಬಿಲ್ಲೆಗಳಿಗೂ ಉಪಾಯವಿತ್ತು: ನಡುವೆ ತೂತು ಕೊರೆದು ಬೆಳ್ಳಿಯ ಸಣ್ಣ ಬೆಣೆ ಸೇರಿಸಿ, ಅದರ ಮೇಲೆಯೇ ಅಚ್ಚು ಒತ್ತುತ್ತಿದ್ದರು. 1795ರ ಡಾಲರ್‌ಗಳಲ್ಲಿ ಇಂಥವು ಸಿಗುತ್ತವೆ. ಇವೆರಡೂ ದರ್ಜೆಗೆ ಅಡ್ಡಿಯಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ: 2013ರ ಜನವರಿಯಲ್ಲಿ ಒಂದು ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಮಾರಾಟವಾದ, 66 ದರ್ಜೆಯ 1794ರ ಡಾಲರಿನಲ್ಲಿ ಅರದ ಗೀರುಗಳೂ ಇವೆ, ಬೆಳ್ಳಿಯ ಬೆಣೆಯೂ ಇದೆ. ಆದರೂ ಲಿಬರ್ಟಿಯ ಮುಖದ ಮೇಲೆಯೇ ಒರಟು ಅರದ ಗೀರುಗಳು ಹಾದುಹೋಗಿದ್ದರೆ ಕೊಳ್ಳುವವರು ಹಿಂಜರಿಯುತ್ತಾರೆ, ಬೆಲೆ ಇಳಿಯುತ್ತದೆ, ಅದು ಸಹಜ.

58 ದರ್ಜೆಯ ನಾಣ್ಯ 61ರದಕ್ಕಿಂತ ಚೆಂದ ಕಾಣುವುದು ಹೇಗೆ?

58 ಎಂದರೆ ಎತ್ತರದ ಜಾಗಗಳಲ್ಲಿ ತುಸು ಉಜ್ಜಿದ ಗುರುತಿರುವ, ಮಿಕ್ಕಂತೆ ಉತ್ತಮವಾದ ನಾಣ್ಯ. 60, 61 ಎಂದರೆ ಸವೆತವಿಲ್ಲ, ಆದರೆ ಒಂದಕ್ಕೊಂದು ಬಡಿದ ಗುರುತು, ಕಳೆಗುಂದಿದ ಹೊಳಪು ಮುಂತಾದ ಬೇರೆ ಕೊರತೆಗಳು ಧಾರಾಳವಾಗಿವೆ. ಹಣ ಕೊಡುವವರು ಕಣ್ಣಿಗೆ ಹಿತವಾದುದನ್ನು ಆರಿಸಿಕೊಂಡರೆ ಅದರಲ್ಲಿ ತಪ್ಪಿಲ್ಲ. ನಾನೂ ಅದನ್ನೇ ಮಾಡುತ್ತೇನೆ.

ಈ ಗಡಿ ಅರ್ಧ ಡಾಲರ್‌ಗಳಲ್ಲಿ ವಿಶೇಷವಾಗಿ ತೊಡಕಿನದು. ಬೆಳ್ಳಿ ಡಾಲರ್ ತಯಾರಿಕೆ 1804ರಲ್ಲಿ ನಿಂತ ಮೇಲೆ ಮೂರು ದಶಕಗಳ ಕಾಲ ಅರ್ಧ ಡಾಲರೇ ದೇಶದ ಅತಿ ದೊಡ್ಡ ಬೆಳ್ಳಿ ನಾಣ್ಯವಾಯಿತು. ಬ್ಯಾಂಕುಗಳು ಅದನ್ನು ಮೀಸಲು ಹಣವಾಗಿ ಚೀಲಗಳಲ್ಲಿ ಇಟ್ಟುಕೊಂಡವು. ಅವು ಸಂತೆಯಲ್ಲಿ ಓಡಾಡಿದ್ದಕ್ಕಿಂತ ಒಂದು ತಿಜೋರಿಯಿಂದ ಇನ್ನೊಂದಕ್ಕೆ ಹೋದದ್ದೇ ಹೆಚ್ಚು. ಎಣಿಸುವಾಗ, ಚೀಲ ಎತ್ತಿ ಇಳಿಸುವಾಗ ಒಂದಕ್ಕೊಂದು ಉಜ್ಜಿಕೊಂಡವು. ಮುಂದೆ ಸಂಗ್ರಾಹಕರ ಮರದ ಸೆಳೆಖಾನೆಗಳಲ್ಲಿ ಜಾರಿ ಜಾರಿ ಇನ್ನಷ್ಟು ಉಜ್ಜಿದವು. ಈ ಉಜ್ಜಿಗೆಯನ್ನು ಚಲಾವಣೆಯ ಸವೆತವೆಂದು ಕರೆಯಬೇಕೋ ಬೇಡವೋ ಎಂಬುದರಲ್ಲಿ ಪಳಗಿದವರಲ್ಲೇ ಭಿನ್ನಮತವಿದೆ. ಹಳೆಯ ಕಟ್ಟುನಿಟ್ಟಿನ ಪದ್ಧತಿಯವರು ಕೆನ್ನೆಯ ಮೇಲೆ ಬಣ್ಣ ಬದಲಾಗಿದ್ದರೆ 58 ಎನ್ನುತ್ತಾರೆ. ಮಾರುಕಟ್ಟೆ ಅದನ್ನೇ 62 ಎಂದು ಒಪ್ಪುವುದುಂಟು. ನನ್ನ ಮಟ್ಟಿಗೆ ಬಯಲಿನ ಹೊಳಪು ತುಂಡಾಗಿದೆಯೇ ಎಂಬುದೇ ಪರೀಕ್ಷೆ. ದೀಪದ ಕೆಳಗೆ ನಾಣ್ಯವನ್ನು ನಿಧಾನವಾಗಿ ತಿರುಗಿಸಿದಾಗ ಬೆಳಕು ಗಾಡಿಚಕ್ರದ ಅರೆಗಾಲುಗಳಂತೆ ಸುತ್ತಬೇಕು. ಚಿತ್ರಕ್ಕೂ ಅಂಚಿಗೂ ನಡುವಿನ ಬಯಲಿನಲ್ಲಿ ಆ ಸುತ್ತು ಕಡಿದುಹೋದರೆ ನಾಣ್ಯ ಚಲಾವಣೆಯಲ್ಲಿತ್ತು ಎಂದೇ ಅರ್ಥ. ಎತ್ತರದಲ್ಲಿ ಮಾತ್ರ ಕಡಿದಿದ್ದರೆ ಚರ್ಚೆಗೆ ಅವಕಾಶವಿದೆ.

ಬೆಳ್ಳಗೆ ಫಳಫಳ ಹೊಳೆಯುವ ನಾಣ್ಯವೇ ಉತ್ತಮವಲ್ಲವೇ?

ಅಲ್ಲ. ಎರಡು ಶತಮಾನ ಗಾಳಿಯಲ್ಲಿದ್ದ ಬೆಳ್ಳಿ ಬೂದು, ಕಂದು, ನೀಲಿ ಛಾಯೆಗಳನ್ನು ಪಡೆಯಲೇಬೇಕು. ಹಾಗಿಲ್ಲದೆ ನಿನ್ನೆ ಕುಲುಮೆಯಿಂದ ಬಂದಂತೆ ಬೆಳ್ಳಗಿದ್ದರೆ, ಅದನ್ನು ಯಾರೋ ತೊಳೆದಿದ್ದಾರೆ. ಕಲಿಯುವ ದಿನಗಳಲ್ಲಿ ನಾನು 1808ರ ಒಂದು ಅರ್ಧ ಡಾಲರನ್ನು ಅದರ ಬಿಳುಪಿಗೆ ಮರುಳಾಗಿ ಕೊಂಡೆ. ಮಾರಿದವರು ಅದನ್ನು 55 ಎಂದಿದ್ದರು. ಮನೆಗೆ ತಂದು ಮೇಜಿನ ದೀಪದ ಕೆಳಗೆ ಓರೆಯಾಗಿ ಹಿಡಿದಾಗ, ಬಯಲಿನ ತುಂಬ ಒಂದೇ ದಿಕ್ಕಿಗೆ ಹರಿದ ಕೂದಲೆಳೆಯಂಥ ಗೀರುಗಳು ಕಂಡವು. ಅವು ಲಿಬರ್ಟಿಯ ಮೂಗಿನ ಬಳಿ ನಿಂತು, ಮುಖವನ್ನು ದಾಟಿ, ಹಿಂದಲೆಯ ಆಚೆ ಅದೇ ಕೋನದಲ್ಲಿ ಮುಂದುವರಿದಿದ್ದವು. ಬಟ್ಟೆಯಿಂದ ಉಜ್ಜಿದ ಕೈಯ ಚಲನೆಯೇ ಅಲ್ಲಿ ದಾಖಲಾಗಿತ್ತು. ಆ ನಾಣ್ಯವನ್ನು ಇನ್ನೂ ಇಟ್ಟುಕೊಂಡಿದ್ದೇನೆ, ಹೊಸಬರಿಗೆ ತೋರಿಸಲು.

ನಮ್ಮ ಮನೆಗಳಲ್ಲಿ ಬೆಳ್ಳಿಯ ದೀಪ, ಪಂಚಪಾತ್ರೆಗಳನ್ನು ಹಬ್ಬದ ಮುನ್ನಾದಿನ ವಿಭೂತಿಯಿಂದಲೋ ಹುಣಸೆಹಣ್ಣಿನಿಂದಲೋ ಬೆಳಗುವುದು ವಾಡಿಕೆ. ಪೂಜೆಯ ಬೆಳ್ಳಿಗೆ ಅದು ಸರಿ. ಸಂಗ್ರಹದ ನಾಣ್ಯಕ್ಕೆ ವಿಭೂತಿಯ ನುಣುಪು ಪುಡಿಯೂ ಉಪ್ಪುಕಾಗದದಂತೆಯೇ ಕೆಲಸ ಮಾಡುತ್ತದೆ. ದಯವಿಟ್ಟು ಯಾವುದರಿಂದಲೂ ಉಜ್ಜಬೇಡಿ.

ಉಜ್ಜದೆ ಆಮ್ಲದ ದ್ರಾವಣದಲ್ಲಿ ಅದ್ದಿ ತೆಗೆಯುವ ಪದ್ಧತಿಯೂ ಇದೆ. ಅದು ಬಣ್ಣದೊಂದಿಗೆ ಬೆಳ್ಳಿಯ ಅತಿ ತೆಳುವಾದ ಮೇಲ್ಪದರವನ್ನೂ ಕರಗಿಸುತ್ತದೆ. ಹೊಳಪನ್ನು ಕೊಡುವ ಸೂಕ್ಷ್ಮ ಗೆರೆಗಳು ಇರುವುದು ಆ ಪದರದಲ್ಲಿಯೇ. ಒಮ್ಮೆ ಹಗುರವಾಗಿ ಅದ್ದಿದ್ದನ್ನು ದರ್ಜೆ ಸಂಸ್ಥೆಗಳು ಕ್ಷಮಿಸುವುದುಂಟು. ಹಲವು ಸಲ ಅದ್ದಿದರೆ ನಾಣ್ಯ ಸತ್ತಂತೆ ಕಾಣುತ್ತದೆ. ಮೆತು ಪ್ಲಾಸ್ಟಿಕ್ ಚೀಲಗಳಿಂದ ಅಂಟಿದ ಹಸಿರು ಜಿಡ್ಡನ್ನು ಮಾತ್ರ ಶುದ್ಧ ಅಸಿಟೋನ್‌ನಲ್ಲಿ ನೆನೆಸಿ ತೆಗೆಯಬಹುದು, ಏಕೆಂದರೆ ಅಸಿಟೋನ್ ಬೆಳ್ಳಿಯ ಮೇಲೆ ಕ್ರಿಯೆ ನಡೆಸುವುದಿಲ್ಲ. ಆಗಲೂ ಒರೆಸದೆ ಆರಲು ಬಿಡಬೇಕು, ಹತ್ತಿರದಲ್ಲಿ ಬೆಂಕಿ ಇರಬಾರದು.

ಬಣ್ಣ ಸಹಜವೋ ಕೃತಕವೋ ಎಂದು ತಿಳಿಯುವುದು ಹೇಗೆ?

ಸಹಜ ಬಣ್ಣ ಕಾಲದೊಂದಿಗೆ ಪದರಪದರವಾಗಿ ಬೆಳೆದಿರುತ್ತದೆ: ಅಂಚಿನಲ್ಲಿ ಮತ್ತು ಅಕ್ಷರಗಳ ಸುತ್ತಲಿನ ಸಂದುಗಳಲ್ಲಿ ಗಾಢ, ಕೈ ತಾಗುವ ಎತ್ತರಗಳಲ್ಲಿ ತೆಳು, ನಡುವೆ ಒಂದರಿಂದ ಇನ್ನೊಂದಕ್ಕೆ ಮೆಲ್ಲನೆ ಸರಿಯುವ ಛಾಯೆ. ಕೃತಕವಾದುದು ಮೈಮೇಲೆ ತೇಲುವಂತೆ ಕಾಣುತ್ತದೆ. ಸವೆದ ಎತ್ತರದಲ್ಲೂ ಗುಳಿಯಲ್ಲೂ ಒಂದೇ ಗಾಢತೆ ಇರುತ್ತದೆ. ಉಜ್ಜಿದ ಗೀರುಗಳ ಒಳಗೂ ಬಣ್ಣ ಇಳಿದಿರುತ್ತದೆ. ಉಜ್ಜಿ ಹಾಳಾದ ನಾಣ್ಯವನ್ನು ಮರೆಮಾಡಲೆಂದೇ ಬಣ್ಣ ಏರಿಸುವವರಿದ್ದಾರೆ. ಆದ್ದರಿಂದ ಬಣ್ಣವನ್ನು ಮೆಚ್ಚುವ ಮೊದಲು ಅದರ ಕೆಳಗಿನ ಲೋಹವನ್ನು ನೋಡಬೇಕು.

ಅಚ್ಚಿನ ಬಿರುಕು, ಅಚ್ಚುಗಳು ಒಂದಕ್ಕೊಂದು ತಾಗಿದ ಗುರುತು ದರ್ಜೆಯನ್ನು ಇಳಿಸುತ್ತವೆಯೇ?

ಇಲ್ಲ. ಬಿರುಕು ಬಿಟ್ಟ ಅಚ್ಚಿನಿಂದ ಬಂದ ನಾಣ್ಯದಲ್ಲಿ ಉಬ್ಬಿದ ಗೆರೆ ಇರುತ್ತದೆ, ಗೀರಾದರೆ ತಗ್ಗಿರುತ್ತದೆ. ಬಿಲ್ಲೆ ಇಲ್ಲದೆ ಎರಡು ಅಚ್ಚುಗಳು ಡಿಕ್ಕಿ ಹೊಡೆದರೆ ಒಂದರ ನೆರಳು ಇನ್ನೊಂದರ ಮೇಲೆ ಮೂಡಿ, ಮುಂದಿನ ನಾಣ್ಯಗಳಿಗೆಲ್ಲ ಬರುತ್ತದೆ. ಅಚ್ಚು ಜೋಡಿಗಳನ್ನು ಅಭ್ಯಾಸ ಮಾಡುವವರು ಇವನ್ನು ಪ್ರೀತಿಯಿಂದ ಹುಡುಕುತ್ತಾರೆ.

ತೂತು, ಆಭರಣಕ್ಕಾಗಿ ಕೊಂಡಿ ಬೆಸೆದ ಗುರುತು, ತುಂಬಿದ ಜಾಗ ಇದ್ದರೆ ದರ್ಜೆ ಏನು?

ಅಂಥವಕ್ಕೆ ಸಂಖ್ಯೆ ಕೊಡುವುದಿಲ್ಲ. ‘ವೆರಿ ಫೈನ್ ಡೀಟೇಲ್ಸ್, ತೂತು’ ಎಂಬ ರೀತಿಯಲ್ಲಿ ಉಳಿದಿರುವ ವಿವರದ ಮಟ್ಟ ಮತ್ತು ದೋಷ ಎರಡನ್ನೂ ಬರೆಯುತ್ತಾರೆ. ಉಜ್ಜಿದ್ದು, ಕೆತ್ತಿ ಕೂದಲಿನ ಗೆರೆ ಹೊಸದಾಗಿ ಮೂಡಿಸಿದ್ದು, ಆಳವಾದ ಗೀರು, ಅಂಚು ಅರೆದದ್ದು ಎಲ್ಲವೂ ಈ ವರ್ಗಕ್ಕೇ ಸೇರುತ್ತವೆ. ಅಂಚನ್ನು ನೋಡದೆ ಯಾವ ತೀರ್ಮಾನಕ್ಕೂ ಬರಬಾರದು. ಆ ಕಾಲದ ಡಾಲರಿನ ಅಂಚಿನಲ್ಲಿ ‘ಹಂಡ್ರೆಡ್ ಸೆಂಟ್ಸ್ ಒನ್ ಡಾಲರ್ ಆರ್ ಯೂನಿಟ್’ ಎಂದೂ, 1836ರವರೆಗಿನ ಅರ್ಧ ಡಾಲರಿನಲ್ಲಿ ‘ಫಿಫ್ಟಿ ಸೆಂಟ್ಸ್ ಆರ್ ಹಾಫ್ ಎ ಡಾಲರ್’ ಎಂದೂ ಅಕ್ಷರಗಳಿರುತ್ತವೆ. ಆಭರಣ ಮಾಡಿಕೊಂಡು ಬಳಿಕ ಕೊಂಡಿ ಕಿತ್ತ ನಾಣ್ಯದಲ್ಲಿ ಒಂದು ಕಡೆ ಈ ಅಕ್ಷರಗಳು ಅಳಿಸಿಹೋಗಿರುತ್ತವೆ. ಮುಖಗಳು ಎಷ್ಟೇ ಚೆನ್ನಾಗಿದ್ದರೂ ಅಂಚು ನಿಜ ಹೇಳಿಬಿಡುತ್ತದೆ.

ಪರೀಕ್ಷಿಸಲು ಎಂಥ ದೀಪ, ಎಂಥ ಗಾಜು ಬೇಕು?

ಒಂದೇ ಬಿಂದುವಿನಿಂದ ಬರುವ ಹಳೆಯ ಬುರುಡೆ ದೀಪದ ಬೆಳಕು ಉತ್ತಮ. ಕೋಣೆಯ ಟ್ಯೂಬ್‌ಲೈಟ್ ಗೀರುಗಳನ್ನು ಮರೆಮಾಡುತ್ತದೆ. ಐದರಿಂದ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಆದರೆ ಮೊದಲ ನೋಟ ಬರಿಗಣ್ಣಿನಲ್ಲೇ ಇರಲಿ, ಗಾಜು ಆಮೇಲೆ. ಕೆಳಗೆ ಮೆತ್ತನೆಯ ಬಟ್ಟೆ ಹಾಸಿ, ಅಂಚನ್ನಷ್ಟೇ ಎರಡು ಬೆರಳಲ್ಲಿ ಹಿಡಿದು, ಎಲ್ಲ ಕೋನಗಳಿಗೂ ಓಲಾಡಿಸಬೇಕು. ನಾಣ್ಯದ ಮೇಲೆ ಮಾತನಾಡಬಾರದು. ಸಿಡಿದ ಉಗುಳಿನ ಹನಿ ಮುಂದೊಂದು ದಿನ ಕಪ್ಪು ಚುಕ್ಕೆಯಾಗುತ್ತದೆ.

ಪ್ಲಾಸ್ಟಿಕ್ ಡಬ್ಬಿಯಲ್ಲಿ ದರ್ಜೆ ಬರೆದೇ ಬಂದಿರುವಾಗ ನಾವೇಕೆ ತಲೆ ಕೆಡಿಸಿಕೊಳ್ಳಬೇಕು?

ನಾಣ್ಯಗಳಿಗೆ ದರ್ಜೆ ಕೊಟ್ಟು ಡಬ್ಬಿಯಲ್ಲಿ ಮುಚ್ಚಿ ಕೊಡುವ ಸಂಸ್ಥೆಗಳಲ್ಲಿ 1986ರಲ್ಲಿ ಪಿಸಿಜಿಎಸ್, ಮರುವರ್ಷ ಎನ್‌ಜಿಸಿ ಕೆಲಸ ಆರಂಭಿಸಿದ ಮೇಲೆ ಈ ಮಾರುಕಟ್ಟೆಗೆ ಬಹಳ ಉಪಕಾರವಾಗಿದೆ, ಮುಖ್ಯವಾಗಿ ನಕಲಿಗಳ ವಿಷಯದಲ್ಲಿ. ಆದರೂ ಲೇಬಲ್ಲಿನ ಸಂಖ್ಯೆ ಒಂದು ದಿನ, ಕೆಲವು ಅನುಭವಿಗಳು, ಒಂದು ನಾಣ್ಯವನ್ನು ಕೆಲಹೊತ್ತು ನೋಡಿ ಕೊಟ್ಟ ಅಭಿಪ್ರಾಯ. ಅದೇ ನಾಣ್ಯ ಮತ್ತೊಮ್ಮೆ ಹೋಗಿ ಬೇರೆ ಸಂಖ್ಯೆ ಪಡೆದು ಬಂದದ್ದುಂಟು. ಜೊತೆಗೆ ಒಂದೇ 45ರ ಎರಡು ನಾಣ್ಯಗಳಲ್ಲಿ ಒಂದು ಮೂಲ ಮೈಬಣ್ಣ ಉಳಿಸಿಕೊಂಡಿರಬಹುದು, ಇನ್ನೊಂದು ಅದ್ದಿ ಪೇಲವವಾಗಿರಬಹುದು. ಸಂಖ್ಯೆ ಆ ವ್ಯತ್ಯಾಸವನ್ನು ಹೇಳುವುದಿಲ್ಲ. ಲೇಬಲನ್ನು ಬೆರಳಿನಿಂದ ಮುಚ್ಚಿ, ನಿಮ್ಮ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು, ಆಮೇಲೆ ಬೆರಳು ತೆಗೆದು ಹೋಲಿಸಿ. ಈ ಅಭ್ಯಾಸದಷ್ಟು ಬೇಗ ಕಲಿಸುವ ಗುರುವನ್ನು ನಾನು ಕಂಡಿಲ್ಲ.

ನಕಲಿಯನ್ನು ಗುರುತಿಸಲು ಮನೆಯಲ್ಲೇ ಏನು ಮಾಡಬಹುದು?

ತೂಗಿ. ಅರ್ಧ ಡಾಲರ್ ಸುಮಾರು 13.48 ಗ್ರಾಂ, ಕಾಲು ಡಾಲರ್ 6.74, ಡೈಮ್ 2.70 ಇರಬೇಕು, ಸವೆತದಿಂದ ಸ್ವಲ್ಪ ಕಡಿಮೆಯಾಗಬಹುದು, ಹೆಚ್ಚಾಗಲು ಕಾರಣವಿಲ್ಲ. 1792ರ ಕಾಯ್ದೆಯ ಪ್ರಕಾರ ಬೆಳ್ಳಿಯ ಪ್ರಮಾಣ ಶೇ. 89.24 ಇರುವುದರಿಂದ ನೀರಿನಲ್ಲಿ ತೂಗಿ ಸಾಪೇಕ್ಷ ಸಾಂದ್ರತೆ ಕಂಡುಕೊಂಡರೆ 10.3ರ ಹತ್ತಿರ ಬರಬೇಕು. ಆಯಸ್ಕಾಂತಕ್ಕೆ ಅಂಟಿದರೆ ಅಲ್ಲಿಗೆ ಮುಗಿಯಿತು. 1804 ಎಂಬ ಇಸವಿಯ ಡಾಲರನ್ನು ಯಾರಾದರೂ ತೋರಿಸಿದರೆ ಅಂಥವು ಇಪ್ಪತ್ತಕ್ಕಿಂತ ಕಡಿಮೆ ಮಾತ್ರ ಅಸ್ತಿತ್ವದಲ್ಲಿವೆ ಎಂಬುದನ್ನು ನೆನಪಿಸಿಕೊಳ್ಳಿ. ಅವೂ 1804ರಲ್ಲಿ ಅಚ್ಚಾದವಲ್ಲ, ಮೊದಲ ಕೆಲವು 1834ರಲ್ಲಿ ಸಯಾಂ ಮತ್ತು ಮಸ್ಕತ್‌ನಂಥ ರಾಜ್ಯಗಳ ದೊರೆಗಳಿಗೆ ಉಡುಗೊರೆ ಕೊಡಲೆಂದು ಮಾಡಿಸಿದವು, ಉಳಿದವು ಇನ್ನೂ ಈಚಿನವು.

ಊರಲ್ಲೇ ಇರುವವರಿಗೆ ಇಂಥ ನಾಣ್ಯ ಕೈಗೆ ಸಿಗುವುದು ಅಪರೂಪ. ಕಣ್ಣು ಪಳಗಿಸುವುದು ಹೇಗೆ?

ವಿಕ್ಟೋರಿಯಾ ಕಾಲದ ಬೆಳ್ಳಿ ರೂಪಾಯಿ ನಮ್ಮಲ್ಲಿ ಇನ್ನೂ ಸಿಗುತ್ತದೆ, 11.66 ಗ್ರಾಂ ತೂಕದ ಒಳ್ಳೆಯ ಬೆಳ್ಳಿ. ಅದು ಯಂತ್ರದ ನಾಣ್ಯವಾದುದರಿಂದ ಅಚ್ಚಿನ ದೌರ್ಬಲ್ಯವನ್ನು ಅಷ್ಟಾಗಿ ಕಲಿಸದು. ಆದರೆ ಸವೆತ ಎಲ್ಲಿಂದ ಶುರುವಾಗುತ್ತದೆ, ಉಜ್ಜಿದ ಬೆಳ್ಳಿ ಹೇಗೆ ಕಾಣುತ್ತದೆ, ಕಿರೀಟದ ಸಂದಿನಲ್ಲಿ ಹಳೆಯ ಬಣ್ಣ ಹೇಗೆ ಕೂತಿರುತ್ತದೆ ಎಂಬುದನ್ನೆಲ್ಲ ಅದೇ ಕಲಿಸುತ್ತದೆ. ಹಳೆಯ ರೂಪಾಯಿಗಳ ಮೇಲೆ ಶರಾಫರು ಬೆಳ್ಳಿ ಪರೀಕ್ಷಿಸಲು ಒತ್ತಿದ ಸಣ್ಣ ಮುದ್ರೆಗಳಿರುತ್ತವೆ. ಅವು ಟಂಕಸಾಲೆಯ ಹೊರಗೆ ಬಿದ್ದ ಗುರುತುಗಳು. ಅಮೆರಿಕನ್ ನಾಣ್ಯದ ಅರದ ಗೀರಿನೊಂದಿಗೆ ಅವನ್ನು ಹೋಲಿಸಿ ಯೋಚಿಸಿದರೆ ಒಳಗು ಹೊರಗಿನ ಭೇದ ಚೆನ್ನಾಗಿ ಮನಸ್ಸಿಗೆ ಇಳಿಯುತ್ತದೆ. ಚಿತ್ರಗಳಿಂದ ವಿವರ ತಿಳಿಯಬಹುದು. ಹೊಳಪನ್ನು ಮಾತ್ರ ಒಂದೇ ಚಿತ್ರದಿಂದ ನಿರ್ಣಯಿಸಲಾಗದು, ನಾಣ್ಯ ತಿರುಗುವ ವಿಡಿಯೊ ಕೇಳಿ ಪಡೆಯಿರಿ.

ಮೊದಲ ನಾಣ್ಯವಾಗಿ ಯಾವುದನ್ನು ಕೊಳ್ಳುವುದು ಒಳಿತು?

1820ರ ಅಥವಾ 1830ರ ದಶಕದ ಕ್ಯಾಪ್ಡ್ ಬಸ್ಟ್ ಅರ್ಧ ಡಾಲರ್, 30ರಿಂದ 45ರೊಳಗಿನ ದರ್ಜೆ, ಮಾಸಲು ಬೂದು ಬಣ್ಣ, ಯಾರೂ ಉಜ್ಜಿರದ ಮೈ. ಇವು ಹೆಚ್ಚು ಸಂಖ್ಯೆಯಲ್ಲಿ ಉಳಿದಿವೆ. ಆದ್ದರಿಂದ ಅವಸರಪಡದೆ ಹತ್ತನ್ನು ನೋಡಿ ಒಂದನ್ನು ಆರಿಸಬಹುದು. ಆ ಹತ್ತರಲ್ಲಿ ಎರಡೋ ಮೂರೋ ಮಾತ್ರ ಮೂಲ ಮೈಯಲ್ಲಿ ಉಳಿದಿರುತ್ತವೆ ಎಂಬುದು ನನ್ನ ಅನುಭವ. ಆರಿಸಿದ್ದನ್ನು ಕೊಳ್ಳುವ ಮೊದಲು ಕೊಂಡಿ, ಗುಂಗುರು, ಹದ್ದಿನ ಉಗುರು, ಕೊನೆಗೆ ಅಂಚು, ಈ ಕ್ರಮದಲ್ಲಿ ಇನ್ನೊಮ್ಮೆ ದೀಪದ ಕೆಳಗೆ ನೋಡಿ.